ಅನಿಲನ ಎದೆನೋವಿಗೆ ಒಂದು ಗಡ್ಡೆ ಬೆಳ್ಳುಳ್ಳಿ

ಕೋದಂಡರಾಮಪ್ಪ ಸಾಯುವ ಹಿಂದಿನ ದಿನವೂ ಮನೆಯಲ್ಲಿ ಜಗಳವಾಯಿತು. ಚಪ್ಪಲಿಯ ಜಗಳ. ದಿನಾ ಆಗುವ ಜಗಳವಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಅದೇ ಕೊನೆಯದು ಎಂದು ಗೊತ್ತಿದ್ದರೆ ಹೆಂಡತಿ ವೆಂಕಟರತ್ನಮ್ಮ ಇನ್ನೂ ಸ್ವಲ್ಪ ಹೊತ್ತು ಆಡುತ್ತಿದ್ದಳು.

ಅವರದು ಕೋಲಾರದ ಕಡೆ, ಯಲ್ದೂರಿನ ಪಕ್ಕದ ಊರು. ರೇಷ್ಮೆ ಹುಳು ಸಾಕುವ ಮನೆ. ಹುಳು ಸಾಕುವವರ ಮಡಿ ಯಾವ ಮಠದಲ್ಲೂ ಇಲ್ಲ. ಹುಳುಮನೆಯ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿದ ತಟ್ಟೆ ಇರಬೇಕು. ಹೊರಗೆ ಮೆಟ್ಟಿದ ಚಪ್ಪಲಿ ಹೊರಗೇ ಬಿಡಬೇಕು. ಕೈ ತೊಳೆದು, ಪುಡಿ ತುಳಿದು, ಒಳಗಿನದೇ ಬೇರೆ ಚಪ್ಪಲಿ ಹಾಕಿಕೊಂಡು ಹೋಗಬೇಕು. ಈ ಮಡಿಗೆ ಕೋದಂಡರಾಮಪ್ಪನೇ ಪೀಠಾಧಿಪತಿ. ಮಂತ್ರಿ ಬಂದರೂ ಪುಡಿ ತುಳಿಸದೆ ಒಳಗೆ ಬಿಡುವವನಲ್ಲ. (ಮಂತ್ರಿ ಬಂದಿರಲಿಲ್ಲ, ಅದು ಬೇರೆ ಮಾತು.) ಇಷ್ಟೆಲ್ಲ ಆಚಾರವಂತ ಹೊರಗೆ ಬರುವಾಗ ಮಾತ್ರ ಒಳಗಿನ ಚಪ್ಪಲಿಯನ್ನು ಕಾಲಿನಿಂದ ಝಾಡಿಸಿ ಎಸೆಯುತ್ತಿದ್ದ. ಒಂದು ನೆಟ್ಟಗೆ ಬೀಳುತ್ತಿತ್ತು. ಇನ್ನೊಂದು ಬೋರಲು.

"ರೀ, ಬೋರಲು ಬಿದ್ದ ಚಪ್ಪಲಿ ಇದ್ರೆ ಮನೇಲಿ ಜಗಳ ಆಗ್ತದೆ ಅಂತ ಎಷ್ಟು ಸಲ ಹೇಳೋದು?"

"ಎಲ್ಲಿ ಆಗ್ತದೆ?"

"ಈಗ ಆಗ್ತಾ ಇರೋದೇನು, ಭಜನೇನಾ?"

"ಇದು ಚಪ್ಪಲಿಯಿಂದ ಆಗ್ತಿರೋದಲ್ಲ ಕಣೇ. ನಿನ್ನ ಬಾಯಿಂದ ಆಗ್ತಿರೋದು."

ಹೀಗೆ ಹೇಳಿ ಕಲ್ಲುಚಪ್ಪಡಿಯ ಮೇಲೆ ಕುಳಿತವನು ಎದೆ ಉಜ್ಜಿಕೊಂಡ. "ಎದೆ ಯಾಕೋ ಹಿಡ್ಕೊಂಡಂಗದೆ" ಎಂದ.

ಪಕ್ಕದ ಮನೆಯಿಂದ ಅಣ್ಣ ದೊಡ್ಡವೆಂಕಟಪ್ಪ ಬಂದ. ದೊಡ್ಡವೆಂಕಟಪ್ಪನಿಗೆ ಯಾವ ಕಾಯಿಲೆಯನ್ನಾದರೂ ಬಾಗಿಲಲ್ಲೇ ನಿಂತು ಗುರುತಿಸುವ ಶಕ್ತಿಯಿತ್ತು. ಒಳಗೆ ಬರುವ ಅಗತ್ಯವೂ ಇರಲಿಲ್ಲ. "ಏಂ ಕಾದು ರಾ, ಏನೂ ಆಗಲ್ಲ, ಗ್ಯಾಸು" ಎಂದ. ಅಂಗಡಿಯಿಂದ ಗೋಲಿ ಸೋಡಾ ತರಿಸಿ ಕುಡಿಸಿದ. ತಮ್ಮ ದೊಡ್ಡದಾಗಿ ತೇಗಿದ. "ನೋಡಿದ್ಯಾ? ಹೋಯ್ತು" ಎಂದು ಅಣ್ಣ ಮನೆಗೆ ಹೋದ.

"ಶ್ರೀನಿವಾಸಪುರಕ್ಕೆ ಹೋಗಿ ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದು ವೆಂಕಟರತ್ನಮ್ಮ ಅಂದಳು.

"ಹುಳ ನಾಲ್ಕನೇ ಜ್ವರ ಎದ್ದದೆ. ಸೊಪ್ಪು ಯಾರು ಹಾಕ್ತಾರೆ, ನಿಮ್ಮಪ್ಪನಾ?"

ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಹುಳುವಿನ ಜ್ವರಕ್ಕೆ ಆ ಮನೆಯಲ್ಲಿ ಥರ್ಮಾಮೀಟರ್ ಇತ್ತು. ಗೋಡೆಯ ಮೇಲೆ ತೇವ ಅಳೆಯುವ ಯಂತ್ರ ಇತ್ತು. ಒಂದು ಹುಳು ತಲೆ ಎತ್ತದೆ ಮಲಗಿದರೆ ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಶ್ರೀನಿವಾಸಪುರದ ರೇಷ್ಮೆ ಸಾಹೇಬರ ಬಳಿಗೆ ಓಡುತ್ತಿದ್ದ. ಯಜಮಾನನ ಎದೆಗೆ ಒಂದು ಗೋಲಿ ಸೋಡಾ ಸಾಕಾಯಿತು.

ಮಾರನೆಯ ಬೆಳಿಗ್ಗೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸೊಪ್ಪಿನ ಹೊರೆಯ ಪಕ್ಕ ಕುಳಿತಂತೆ ಇದ್ದ. ಕುಳಿತಿರಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು.

ಮಣ್ಣಿಗೆ ಬಂದವರೆಲ್ಲ ಡಾಕ್ಟರಾದರು. ಮುಳಬಾಗಿಲಿನ ಬೀಗರು ಅನ್ನದಿಂದ ಎಂದರು. ಕೋಲಾರದವರು ಮುದ್ದೆಯಿಂದ ಎಂದರು. ಅನ್ನದವರಿಗೂ ಮುದ್ದೆಯವರಿಗೂ ಚಪ್ಪರದಡಿ ಮಾತಿಗೆ ಮಾತು ಬೆಳೆಯಿತು. ವೆಂಕಟರತ್ನಮ್ಮ ಒಂದು ಮೂಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಳು. ಅವಳಿಗೆ ಯಾವುದೂ ಸರಿ ಕಾಣಲಿಲ್ಲ. ಅನ್ನ, ಮುದ್ದೆ ಎಲ್ಲರೂ ತಿನ್ನುತ್ತಾರೆ. ಇವನೊಬ್ಬನೇ ಯಾಕೆ ಸಾಯಬೇಕು?

ಉತ್ತರ ಕೊಟ್ಟವನು ಕದಿರೇಶ. ನಂಗಲಿಯವನು, ಗೂಡು ಸಾಗಿಸುವ ಟೆಂಪೋ ಓಡಿಸುತ್ತಾನೆ. ಸ್ಟೀರಿಂಗ್ ಹಿಡಿಯದೆ ಇರುವಾಗಲೆಲ್ಲ ಫೋನ್ ಹಿಡಿದಿರುತ್ತಾನೆ. ಕರ್ಮಾಂತರ ಮುಗಿದ ದಿನ ಅವಳ ಮುಂದೆ ಕುಳಿತು ಒಂದು ವಿಡಿಯೋ ತೋರಿಸಿದ. ಕಾವಿ ಜುಬ್ಬದವನೊಬ್ಬ ಬೆಳ್ಳುಳ್ಳಿ ಕೈಯಲ್ಲಿ ಹಿಡಿದು ಹೇಳುತ್ತಿದ್ದ: ಬರೀ ಹೊಟ್ಟೆಯಲ್ಲಿ ಹಸಿ ಬೆಳ್ಳುಳ್ಳಿ ಅಗಿದು ನುಂಗಿದರೆ ಎದೆಯ ನಾಳಗಳು ಪೈಪು ತೊಳೆದಂತೆ ಸ್ವಚ್ಛ.

ವೆಂಕಟರತ್ನಮ್ಮನ ಕಣ್ಣು ಅಗಲವಾಯಿತು. ಆ ಮನೆಯಲ್ಲಿ ಬೆಳ್ಳುಳ್ಳಿಯೇ ಇರಲಿಲ್ಲ.

ಇರಲು ಕೋದಂಡರಾಮಪ್ಪ ಬಿಟ್ಟಿದ್ದರೆ ತಾನೆ? ಹುಳುವಿಗೆ ಘಾಟು ಆಗುವುದಿಲ್ಲ. ಬೀಡಿ ಹೊಗೆ, ಘಮಘಮ ಸೋಪು, ಪೌಡರು, ಮೆಣಸಿನಕಾಯಿ ಒಗ್ಗರಣೆ ಎಲ್ಲಕ್ಕೂ ನಿಷೇಧ. ಎಲ್ಲಕ್ಕಿಂತ ದೊಡ್ಡ ನಿಷೇಧ ಬೆಳ್ಳುಳ್ಳಿಗೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ತೌರುಮನೆಯ ರೂಢಿಯಂತೆ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟಿದ್ದಳು. ಗಂಡ ಹುಳುಮನೆಯಿಂದ ಓಡಿಬಂದು ಸಾರಿನ ಪಾತ್ರೆಯನ್ನೇ ತಿಪ್ಪೆಗೆ ಸುರಿದ. ಅಂದಿನಿಂದ ಬೆಳ್ಳುಳ್ಳಿ ತಿನ್ನಬೇಕೆನಿಸಿದರೆ ಅವಳು ತೌರಿಗೆ ಹೋಗಬೇಕಿತ್ತು. ಒಂದು ಸಲ ಹೋಗಿ ತಿಂದು ಬಂದವಳನ್ನು ಬಾಯಿ ಮೂಸಿ ನೋಡಿ ಹಜಾರದಲ್ಲೇ ಮಲಗಿಸಿದ್ದ.

"ಹುಳಕ್ಕೆ ಆಗಲ್ಲ ಅಂತ ಬೆಳ್ಳುಳ್ಳಿ ಬಿಟ್ರು. ಬೆಳ್ಳುಳ್ಳಿ ಇಲ್ದೆ ಸತ್ರು" ಎಂದು ಅವಳು ಹೇಳಿದಳು. ಮಾತು ಸ್ಪಷ್ಟವಾಗಿತ್ತು. ಅಪರಾಧಿ ಸಿಕ್ಕಿದ್ದ. ಒಬ್ಬನಲ್ಲ, ಮೂರಂತಸ್ತಿನ ಅಟ್ಟಣಿಗೆಗಳ ತುಂಬ ಬೆಳ್ಳಗೆ ಮಲಗಿದ್ದ.

ಸಿಟ್ಟಿದ್ದರೂ ಹುಳು ಸಾಕದೆ ವಿಧಿಯಿರಲಿಲ್ಲ. ತೋಟದ ತುಂಬ ಸೊಪ್ಪು ನಿಂತಿತ್ತು. ಅವಳು ದಿನಾ ಬೈಯುತ್ತಲೇ ಅವಕ್ಕೆ ಮೇವು ಹಾಕಿದಳು. "ತಿನ್ನಿ, ಗಂಡನ್ನ ತಿಂದಿರಿ, ಸೊಪ್ಪನ್ನೂ ತಿನ್ನಿ." ಹುಳುಗಳು ಏನೂ ಅನ್ನದೆ ತಿನ್ನುತ್ತಿದ್ದವು.

ಉಳಿದವನು ಮಗ ಅನಿಲ್‌ಕುಮಾರ್. ಇಪ್ಪತ್ತಾರು ವಯಸ್ಸು. ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕ್ರಾಸಿಗೆ ಕಂಪನಿ ಬಸ್ಸು ಬರುತ್ತದೆ. ಅಪ್ಪನ ಮೂಗು, ಅಪ್ಪನ ನಡಿಗೆ. ಎದೆಯೂ ಅಪ್ಪನದೇ ಇರಬೇಕು ಎಂದು ತಾಯಿಗೆ ಹೊಳೆದ ದಿನವೇ ಆ ಮನೆಯಲ್ಲಿ ಬೆಳ್ಳುಳ್ಳಿಯ ಪ್ರಾಣಪ್ರತಿಷ್ಠೆ ಆಯಿತು.

"ಬಾಯಿ ತೆಗಿ."

"ಅಮ್ಮಾ, ಬಸ್ಸಲ್ಲಿ ಪಕ್ಕ ಯಾರೂ ಕೂರಲ್ಲ."

"ಒಳ್ಳೇದಾಯ್ತು. ಕಾಲು ಚಾಚ್ಕೊಂಡು ಕೂತ್ಕೊ. ಬಾಯಿ ತೆಗಿ."

"ತಿಂಡಿ ತಿಂದಾದ್ರೂ…"

"ಬರೀ ಹೊಟ್ಟೇಲೇ ತಿನ್ಬೇಕು ಕಣೋ. ಅಗಿ. ನುಂಗ್ಬೇಡ, ಅಗಿ!"

ಅನಿಲ ಕಣ್ಣಲ್ಲಿ ನೀರು ತುಂಬಿಕೊಂಡು ಅಗಿಯುತ್ತಿದ್ದ. ಅಪ್ಪನ ನೆನಪಾಗಿ ಅಳುತ್ತಾನೆ ಎಂದು ತಾಯಿ ತಿಳಿದುಕೊಂಡು ತಾನೂ ಅಳುತ್ತಿದ್ದಳು. ಆಮೇಲೆ ಹೊರಡುವ ಮುಂಚೆ ಇನ್ನೊಂದು ಕಟ್ಟಪ್ಪಣೆ ಇರುತ್ತಿತ್ತು: "ಬೆಳ್ಳುಳ್ಳಿ ಬಾಯಿ ಇಟ್ಕೊಂಡು ಹುಳುಮನೆ ಕಡೆ ಬರ್ಬೇಡ. ನಿಮ್ಮಪ್ಪ ಕಟ್ಟಿದ ಮಡಿ ಅದು." ಗಂಡನನ್ನು ಕೊಂದ ಹುಳುಗಳಿಗೆ ಗಂಡನ ಮಡಿ ತಪ್ಪಬಾರದು. ಇದರಲ್ಲಿ ಅವಳಿಗೆ ಯಾವ ತೊಡಕೂ ಕಾಣಲಿಲ್ಲ. ತಾನು ಮಾತ್ರ ಬೆಳ್ಳುಳ್ಳಿ ಸುಲಿದು, ಜಜ್ಜಿ, ತಿನ್ನಿಸಿ, ಸೆರಗಿಗೆ ಕೈ ಒರೆಸಿಕೊಂಡು ನೇರ ಸೊಪ್ಪು ಹಾಕಲು ಹೋಗುತ್ತಿದ್ದಳು. ತಾನು ತಿಂದಿಲ್ಲವಲ್ಲ!

ಸ್ವಲ್ಪ ದಿನ ಹೀಗೆ ನಡೆಯಿತು. ಒಂದು ಸಂಜೆ ಅನಿಲ ಊಟಕ್ಕೆ ಕುಳಿತಾಗ ಸಹಜವಾಗಿ ಅಂದ: "ಬಸ್ಸಲ್ಲಿ ಇವತ್ತು ಎದೆ ಚುರ್ ಅಂತು. ಆಗಾಗ ಬರ್ತದೆ, ಹೋಗ್ತದೆ."

ವೆಂಕಟರತ್ನಮ್ಮ ಸೌಟು ಕೆಳಗಿಟ್ಟು ಮಗನ ಮುಂದೆ ಕುಳಿತಳು.

"ಅಂಥದ್ದೇನಿಲ್ಲಮ್ಮ."

"ನಿಮ್ಮಪ್ಪನೂ ಅಂಥದ್ದೇನಿಲ್ಲ ಅಂದ್ರು."

ಸೊಸೆ ದಿವ್ಯ ಮುಳಬಾಗಿಲು ಕಡೆಯವಳು. ಮದುವೆಯಾಗಿ ಒಂದು ವರ್ಷ. ಮಾತು ಕಡಿಮೆ, ನೋಡುವುದು ಜಾಸ್ತಿ. "ಅತ್ತೆ, ನಾಳೆ ಡಾಕ್ಟರಿಗೆ ತೋರಿಸೋಣ" ಎಂದಳು. ವೆಂಕಟರತ್ನಮ್ಮ ಕೇಳಿಸದವಳಂತೆ ಒಲೆ ಊದಿದಳು. (ಅದು ಗ್ಯಾಸ್ ಒಲೆ.)

ಡಾಕ್ಟರ ಬಳಿಗೆ ಹೋಗಲು ಅವಳಿಗೆ ಭಯ. ಗಂಡ ಹೋಗಲಿಲ್ಲ ಎಂದು ದಿನಾ ಬೈಯುತ್ತಿದ್ದವಳಿಗೆ ಮಗನನ್ನು ಕರೆದುಕೊಂಡು ಹೋಗಲು ಭಯ. ಹೋಗಿ, ಅವರು ಕಿವಿಗೆ ಕೊಳವೆ ಸಿಕ್ಕಿಸಿಕೊಂಡು, ತಲೆ ಎತ್ತಿ, "ಹೌದಮ್ಮ, ಇದೆ" ಅಂದುಬಿಟ್ಟರೆ? ಮನೆಯಲ್ಲಿ ಇರುವಷ್ಟು ದಿನ ಅದು ಬರೀ ಚುರ್. ಅಲ್ಲಿ ಹೋದರೆ ಅದಕ್ಕೊಂದು ಹೆಸರು ಬರುತ್ತದೆ. ಆದ್ದರಿಂದ ಮಾರನೆಯ ದಿನದಿಂದ ಬೆಳ್ಳುಳ್ಳಿ ಎರಡು ಎಸಳಿಂದ ನಾಲ್ಕು ಎಸಳಾಯಿತು.

ಎದೆ ಇನ್ನೂ ಚುರುಗುಟ್ಟಿತು. ಬೆಳ್ಳುಳ್ಳಿ ಇನ್ನೂ ಹೆಚ್ಚಿತು.

ಸುದ್ದಿ ತಿಳಿದು ದೊಡ್ಡವೆಂಕಟಪ್ಪ ಬಂದ. ಈ ಸಲ ಗ್ಯಾಸು ಎನ್ನಲು ಅವನಿಗೂ ಬಾಯಿ ಬರಲಿಲ್ಲ. ಆ ಮನೆಯಲ್ಲಿ ಗ್ಯಾಸು ಎಂಬ ಶಬ್ದ ಎತ್ತಿದರೆ ತಮ್ಮನ ಹೆಂಡತಿ ವೆಂಕಟರತ್ನಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆದ್ದರಿಂದ ಕಾಯಿಲೆ ಬದಲಾಯಿಸಿದ. "ಇದು ಉಳುಕು ರಾ. ನರ ಸುತ್ಕೊಂಡದೆ. ಬಿಡಿಸ್ತೀನಿ ಬಾ" ಎಂದು ಹುಡುಗನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹರಳೆಣ್ಣೆ ಸುರಿದು, ಹೆಬ್ಬೆರಳಿನಿಂದ ಎಡಗಡೆಯ ಪಕ್ಕೆಲುಬು ಸಿಕ್ಕಿದ ಕಡೆಯೆಲ್ಲ ಒತ್ತಿ ಎಳೆದ. ಇಟ್ಟಿಗೆ ಗೂಡಿನಲ್ಲಿ ಮಣ್ಣು ನಾದಿ ಬಲಿತ ಕೈ ಅದು.

"ಅಯ್ಯೋ ದೊಡ್ಡಪ್ಪಾ, ನೋವು!"

"ನೋವಾಗ್ತದಾ? ಹಾಂ, ಅಲ್ಲೇ ಇರೋದು ಉಳುಕು. ಸಿಕ್ತು. ನಾಳೆನೂ ಒತ್ತೋಣ."

ಉಳುಕು ದಿನಾ ಸಿಗುತ್ತಿತ್ತು. ಬಿಡುತ್ತಿರಲಿಲ್ಲ.

ಕದಿರೇಶ ತನ್ನ ವಿದ್ಯೆಯನ್ನೂ ತಂದ. ಫೋನ್ ಅಂಗಿ ಜೇಬಿನಲ್ಲಿ ಇಟ್ಟರೆ ಅದರ ಕಿರಣ ಎದೆಗೆ ತಟ್ಟುತ್ತದಂತೆ. ಅದಕ್ಕೊಂದು ವಿಡಿಯೋ ಇತ್ತು. ವಿಡಿಯೋವನ್ನು ಅಂಗಿ ಜೇಬಿನಿಂದಲೇ ತೆಗೆದು ತೋರಿಸಿದ. ಅನಿಲ ಫೋನನ್ನು ಟಿಫಿನ್ ಡಬ್ಬಿಯ ಚೀಲದಲ್ಲಿ ಇಡಲು ಶುರುಮಾಡಿದ. ಫೋನಿಗೆ ಉಪ್ಪಿನಕಾಯಿ ಹಿಡಿಯಿತು. ಎದೆಗೆ ಏನೂ ಉಪಯೋಗವಾಗಲಿಲ್ಲ.

ವೆಂಕಟರತ್ನಮ್ಮ ಬೆಳಿಗ್ಗೆ ಏಳುತ್ತಲೇ ಮಗ ಸೊಸೆ ಮಲಗುವ ಕೋಣೆಯ ಬಾಗಿಲು ತಟ್ಟಿ, ತೆಗೆಯುವಷ್ಟರಲ್ಲಿ ಒಳಗೆ ಹೋಗಿ, ಮಗನ ಎದೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಅನಿಲ ಬೆಚ್ಚಿ ಏಳುತ್ತಿದ್ದ.

"ಏನಮ್ಮಾ?"

"ಏನಿಲ್ಲ. ಹೊಡ್ಕೊಳ್ತಾ ಇದೆ. ಮಲಕ್ಕೊ."

ಹಾಗೆ ಎಬ್ಬಿಸಿದ ಮೇಲೆ ಯಾರಿಗೆ ನಿದ್ದೆ? ಅವನು ಬಸ್ಸಿನಲ್ಲಿ ಮೂರಾಗಿ ಮಡಚಿಕೊಂಡು ಮುಂದಿನ ಸೀಟಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದ. ಮಾಲೂರು ಬರುವಷ್ಟರಲ್ಲಿ ಎದೆ ಉರಿಯುತ್ತಿತ್ತು. ಉರಿ ಹತ್ತಿದರೆ ಅಪ್ಪನ ನೆನಪು. ಅಪ್ಪನ ನೆನಪಾದರೆ ಎದೆ ಡವಡವ. ಡವಡವ ಎಂದರೆ ಬೆವರು. ತನ್ನ ನಾಡಿ ತಾನೇ ಹಿಡಿದು ಎಣಿಸಲು ಕಲಿತ. ಸೂಪರ್‌ವೈಸರ್ ಕೇಳಿದ್ದಕ್ಕೆ, "ಸಾರ್, ನಿಂತುಹೋಗಿದ್ಯಾ ಅಂತ ನೋಡ್ತಾ ಇದ್ದೆ" ಎಂದನಂತೆ. ಅವರು ಮೆಷಿನ್ ನಿಂತಿದೆ ಎಂದು ತಿಳಿದು ಮೆಕ್ಯಾನಿಕ್ಕನ್ನು ಕರೆಸಿದರಂತೆ.

ಇತ್ತ ಹುಳುಮನೆಯಲ್ಲೂ ಒಂದು ವಿಚಿತ್ರ ಶುರುವಾಗಿತ್ತು. ದಿವ್ಯ ಮೇವು ಹಾಕುವ ಎಡಗಡೆಯ ಅಟ್ಟಣಿಗೆಯಲ್ಲಿ ಹುಳು ಸರಸರ ತಿಂದು ಕಡ್ಡಿ ಮಾತ್ರ ಉಳಿಸುತ್ತಿದ್ದವು. ವೆಂಕಟರತ್ನಮ್ಮನ ಬಲಗಡೆಯ ಅಟ್ಟಣಿಗೆಯಲ್ಲಿ ಸೊಪ್ಪು ಹಾಗೇ ಬಾಡುತ್ತಿತ್ತು. ಹುಳುಗಳು ಮುಖ ಆ ಕಡೆ ಮಾಡಿಕೊಂಡು ಮಲಗಿರುತ್ತಿದ್ದವು. ಅವಳು ಮೊದಲು ಮೊಟ್ಟೆ ಕೊಟ್ಟವರನ್ನು ಬೈದಳು. ಆಮೇಲೆ ಮೋಡವನ್ನು ಬೈದಳು. ಕೊನೆಗೆ, "ನಾನು ಬೈದದ್ದು ಅವಕ್ಕೆ ತಟ್ಟದೆ. ಮಾನವಂತ ಹುಳ" ಎಂದಳು. ದಿವ್ಯ ಎಡಗಡೆ ನೋಡಿದಳು, ಬಲಗಡೆ ನೋಡಿದಳು.

ಆ ದಿನ ಬೆಳಿಗ್ಗೆ ಅನಿಲ ಅಂಗಳಕ್ಕೆ ಇಳಿದವನು ಎದೆ ಹಿಡಿದುಕೊಂಡು ಕಲ್ಲುಚಪ್ಪಡಿಯ ಮೇಲೆ ಕುಳಿತುಬಿಟ್ಟ. ಅಪ್ಪ ಕುಳಿತ ಅದೇ ಚಪ್ಪಡಿ. ಮುಖ ಬೆವತಿತ್ತು. "ಅಮ್ಮಾ, ಆಗ್ತಿಲ್ಲ" ಎಂದ. ಹಿಂದಿನ ದಿನದಿಂದ ಅವನಿಗೆ ಪೂರಾ ಒಂದು ಗಡ್ಡೆ ನಡೆಯುತ್ತಿತ್ತು.

ವೆಂಕಟರತ್ನಮ್ಮ ಕೂಗಿದ ಕೂಗಿಗೆ ಮೊದಲು ಓಡಿಬಂದವನು ದೊಡ್ಡವೆಂಕಟಪ್ಪ. ಗಾಬರಿಯಲ್ಲಿ ಮನುಷ್ಯ ಹಳೆಯ ಅಭ್ಯಾಸಕ್ಕೆ ಬಿದ್ದ. ಕೈಯಲ್ಲಿ ಗೋಲಿ ಸೋಡಾ.

"ಏಂ ಕಾದು, ಏಂ ಕಾದು, ಇದು ಕುಡಿ ರಾ…"

ಅವಳು ಬಾಟಲಿ ಕಿತ್ತುಕೊಂಡು ಅಂಗಳದ ಆಚೆಗೆ ಎಸೆದಳು. ಅದು ಕಲ್ಲಿಗೆ ಬಡಿದು ಒಡೆಯಿತು. ಗೋಲಿ ಉರುಳಿಕೊಂಡು ಹೋಗಿ ಹುಳುಮನೆಯ ಬಾಗಿಲಲ್ಲಿ ನಿಂತಿತು.

"ಭಾವಾ, ಒಬ್ಬರಿಗೆ ಕುಡಿಸಿದ್ದು ಸಾಕು."

ದೊಡ್ಡವೆಂಕಟಪ್ಪ ಒಡೆದ ಗಾಜಿನ ಚೂರು ಆಯಲು ಬಗ್ಗಿದ.

"ಕದಿರೇಶಾ, ಟೆಂಪೋ ತೆಗಿಯೋ!" ಹುಳುಮನೆಗೆ ಸಾಮಾನು ತಂದವನು ಆಗಷ್ಟೇ ಟೆಂಪೋ ನಿಲ್ಲಿಸಿದ್ದ.

ಗೂಡು ಸಾಗಿಸುವ ಟೆಂಪೋದಲ್ಲಿ ಶ್ರೀನಿವಾಸಪುರಕ್ಕೆ ಹೊರಟರು. ಹಿಂದೆ ಚಂದ್ರಿಕೆಗಳ ಮಧ್ಯೆ, ಹುಳು ಗೂಡು ಕಟ್ಟುವ ಆ ಬಿದಿರು ತಟ್ಟಿಗಳ ಮಧ್ಯೆ, ಅನಿಲ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಆ ಪಕ್ಕದಲ್ಲಿ ದಿವ್ಯ ಅವನ ಕೈ ಹಿಡಿದಿದ್ದಳು. ಮೂಲೆಯಲ್ಲಿ ದೊಡ್ಡವೆಂಕಟಪ್ಪ. ಯಾರೂ ಕರೆದಿರಲಿಲ್ಲ, ಹತ್ತಿಕೊಂಡಿದ್ದ. ಕದಿರೇಶ ದಾರಿಯುದ್ದಕ್ಕೂ ಹಾರ್ನಿನಿಂದ ಕೈ ತೆಗೆಯಲಿಲ್ಲ. ಮಾವಿನ ತೋಪುಗಳು ಹಿಂದೆ ಹಿಂದೆ ಓಡಿದವು.

"ಬಾಯಿ ತೆಗಿಯೋ ಕಂದ."

"ಅಮ್ಮಾ, ಬೇಡ…"

"ಇದೊಂದೇ. ಇದೊಂದು ಎಸಳು ನಿಮ್ಮಪ್ಪಂಗೆ ಸಿಕ್ಕಿದ್ರೆ ಇವತ್ತು ಇರ್ತಿದ್ರು. ಅಗಿ."

ಅವನು ಅಗಿದ.

ಆಸ್ಪತ್ರೆಯಲ್ಲಿ ಡಾಕ್ಟರ್ ತೇಜಸ್ವಿನಿ ಎಂಬ ಹೆಣ್ಣುಮಗಳು. ಮಾತಾಡದೆ ಮೊದಲು ಹುಡುಗನನ್ನು ಮಲಗಿಸಿ ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆದರು. ರಕ್ತ ತೆಗೆದು ಕಳಿಸಿದರು. ಮಾವ ಹೋದ ಸಂಗತಿಯನ್ನು ದಿವ್ಯ ಹೇಳಿದಳು. ವೆಂಕಟರತ್ನಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಕುರ್ಚಿ ಇತ್ತು. ಅವಳಿಗೆ ಕಾಣಲಿಲ್ಲ. ಹುಳುಗಳಿಗೆ ಹರಕೆ ಹೊತ್ತಳು. ಬೇರೆ ಯಾರೂ ನೆನಪಿಗೆ ಬರಲಿಲ್ಲ. ಇನ್ನು ಬೈಯುವುದಿಲ್ಲ, ಇವನೊಬ್ಬನನ್ನು ಬಿಟ್ಟುಬಿಡಿ ಎಂದಳು.

ಎಲ್ಲ ಕಾಗದ ನೋಡಿ ಡಾಕ್ಟರ್ ಅಂದರು: "ಹೃದಯ ಚೆನ್ನಾಗಿದೆ. ಏನೂ ತೊಂದರೆ ಇಲ್ಲ."

ವೆಂಕಟರತ್ನಮ್ಮ ನೆಲದಲ್ಲಿ ಕುಳಿತೇ ಕೈ ಮುಗಿದಳು. ದಿವ್ಯ ಎಬ್ಬಿಸಿದಳು.

"ಅಮ್ಮ, ಒಂದು ಕೇಳ್ತೀನಿ. ಈ ರೂಮಲ್ಲಿ ಇಷ್ಟೊಂದು ಬೆಳ್ಳುಳ್ಳಿ ವಾಸನೆ ಯಾಕೆ?" ನರ್ಸು ಆಗಲೇ ಕಿಟಕಿ ತೆಗೆದು ಅಲ್ಲೇ ನಿಂತಿದ್ದಳು.

ವೆಂಕಟರತ್ನಮ್ಮ ಸೆರಗು ಸರಿಮಾಡಿಕೊಂಡಳು. ಅವಳ ಮುಖ ಮೊದಲ ಸಲ ಬೆಳಗಿತು. "ನಾನೇ ಕೊಡ್ತೀನಿ ತಾಯಿ. ದಿನಾ ಬರೀ ಹೊಟ್ಟೇಲಿ. ಹಸೀದು. ಅದ್ರಿಂದಾನೇ ಹೃದಯ ಚೆನ್ನಾಗದೆ."

"ಎಷ್ಟು?"

"ನೆನ್ನೆಯಿಂದ ಒಂದು ಗಡ್ಡೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಅನಿಲನನ್ನು ಕೇಳಿದರು: "ನೋವು ಹೇಗಿರುತ್ತೆ?"

"ಉರಿ ಮೇಡಂ. ಬಸ್ಸಲ್ಲಿ ಮಡಚ್ಕೊಂಡು ಮಲಗಿದ್ರೆ ಜಾಸ್ತಿ. ಬಾಯಿಗೆ ಹುಳಿ ಬರ್ತದೆ."

"ಖಾಲಿ ಹೊಟ್ಟೆಗೆ ಅಷ್ಟು ಖಾರ ಹಾಕಿ, ಮೇಲೆ ಮಡಚಿ ಮಲಗಿದ್ರೆ ಹೊಟ್ಟೆಯ ಹುಳಿ ಗಂಟಲಿಗೆ ಬರದೆ ಎಲ್ಲಿಗೆ ಹೋಗುತ್ತೆ? ಎದೆ ಉರಿಯೋದು ಅದಕ್ಕೇ."

ಮೂಲೆಯಿಂದ ದೊಡ್ಡವೆಂಕಟಪ್ಪ ಎರಡು ಹೆಜ್ಜೆ ಮುಂದೆ ಬಂದ. ಮುಖಕ್ಕೆ ಕಳೆ ಬಂದಿತ್ತು. "ಅಂದ್ರೆ ಗ್ಯಾಸೇ ಕದಾ ಮೇಡಂ? ನಾನು ಮೊದ್ಲಿಂದ…"

ಡಾಕ್ಟರ್ ಅವನ ಕಡೆ ನೋಡದೆ ಹುಡುಗನ ಎಡ ಪಕ್ಕೆಲುಬಿನ ಮೇಲೆ ಒಂದು ಬೆರಳು ಇಟ್ಟರು. ಅನಿಲ "ಅಮ್ಮಾ!" ಎಂದು ಮಂಚದಿಂದ ಹಾರಿದ.

"ಇದೇನು, ಇಲ್ಲಿ ಕಂದಿಹೋಗಿದೆ? ಏಟು ಬಿತ್ತಾ?"

"ದೊಡ್ಡಪ್ಪ ಉಳುಕು ತೆಗೀತಾರೆ ಮೇಡಂ. ದಿನಾ."

ದೊಡ್ಡವೆಂಕಟಪ್ಪ ಬಂದ ಎರಡು ಹೆಜ್ಜೆಯನ್ನೂ ಹಿಂದಕ್ಕೆ ಇಟ್ಟ.

"ರಾತ್ರಿ ನಿದ್ದೆ ಮಾಡ್ತೀರಾ?"

"ಮಾಡ್ತೀನಿ. ಬೆಳಿಗ್ಗೆ ಅಮ್ಮ ಬಂದು ಎದೆ ನಿಂತಿದ್ಯಾ ಅಂತ ಮುಟ್ಟಿ ನೋಡ್ತಾಳೆ. ಆಮೇಲೆ ಇಡೀ ದಿನ ಡವಡವ ಅಂತದೆ. ಕೈ ಬೆವರ್ತದೆ."

ಬಾಗಿಲಲ್ಲಿ ಇಣುಕುತ್ತಿದ್ದ ಕದಿರೇಶನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಕಾಯಿಲೆ ಹೆಸರು ಸಿಕ್ತು. ಕುಟುಂಬ."

"ನೀನು ಸುಮ್ನಿರೋ! ವಿಡಿಯೋ ತೋರ್ಸಿದ್ದು ಯಾರು?"

ನರ್ಸು ಸೆರಗಿನಲ್ಲಿ ನಕ್ಕಳು. ಡಾಕ್ಟರ್ ನಗಲಿಲ್ಲ. "ಕರ್ಕೊಂಡು ಬಂದಿದ್ದು ಸರಿ ಮಾಡಿದ್ರಿ ಅಮ್ಮ. ಈ ವಯಸ್ಸಿನ ಹುಡುಗರಿಗೆ ಆಗಾಗ ಎದೆ ನೋಯೋದು ಹೆಚ್ಚಾಗಿ ಹೀಗೇ. ಹೊಟ್ಟೆ, ಇಲ್ಲಾ ಪಕ್ಕೆಲುಬು, ಇಲ್ಲಾ ಗಾಬರಿ. ನಿಮ್ಮ ಹುಡುಗನಿಗೆ ಮೂರನ್ನೂ ಮನೇಲೇ ತಯಾರು ಮಾಡಿ ಕೊಟ್ಟಿದ್ದೀರ. ಆದ್ರೂ ಅದು ಹೃದಯ ಅಲ್ಲ ಅಂತ ನೋಡಿ ಹೇಳೋ ಕೆಲಸ ನಮ್ಮದು, ಮನೇಲಿ ಕೂತಿರೋರದ್ದಲ್ಲ. ನಡೆದಾಗ ನೋವು ಬಂದ್ರೆ, ತೋಳಿಗೆ ದವಡೆಗೆ ಹಬ್ಬಿದ್ರೆ, ಉಸಿರು ಕಟ್ಟಿದ್ರೆ, ತಲೆ ಸುತ್ತಿ ಬಿದ್ರೆ, ಒಂದು ನಿಮಿಷ ಕಾಯ್ಬೇಡಿ. ಅಪ್ಪನಿಗೆ ಹಾಗಾಗಿರೋದ್ರಿಂದ ಇವರು ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸ್ಕೊಳ್ಲಿ."

ಎಲ್ಲರೂ ಹೊರಟರು. ವೆಂಕಟರತ್ನಮ್ಮ ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದಳು.

"ತಾಯಿ, ನಮ್ಮ ಯಜಮಾನ್ರಿಗೆ ಬೆಳ್ಳುಳ್ಳಿ ಹಾಕಿದ್ರೆ ಉಳೀತಿದ್ರಾ?"

"ಇಲ್ಲಮ್ಮ. ಬೆಳ್ಳುಳ್ಳಿ ತಿನ್ನಲಿಲ್ಲ ಅಂತ ಯಾರೂ ಸಾಯಲ್ಲ."

"ಹುಳದಿಂದ ಅಲ್ವಾ ಹಾಗಾದ್ರೆ?"

"ಯಾವ ಹುಳ?"

ಅವಳು ಹೊರಗೆ ಬಂದಳು. ಹುಳುಗಳ ಮೇಲಿದ್ದ ಕೇಸು ಬಿದ್ದುಹೋಯಿತು. ಇಷ್ಟು ದಿನ ಬೈಯಲು ಅವಿದ್ದವು. ಬೈದಷ್ಟು ಹೊತ್ತು ಅಳು ಬರುತ್ತಿರಲಿಲ್ಲ. ಈಗ ಟೆಂಪೋದ ಹಿಂದೆ ಕುಳಿತು, ಮಗ ಪಕ್ಕದಲ್ಲಿ ಗಟ್ಟಿಯಾಗಿ ಕುಳಿತು ಬನ್ನು ತಿನ್ನುತ್ತಿರುವಾಗ, ಊರು ಬರುವವರೆಗೂ ಅತ್ತಳು.

"ಯಾಕಮ್ಮ ಅಳ್ತೀಯ? ನಂಗೇನೂ ಇಲ್ವಲ್ಲ!"

"ಅದಕ್ಕೇ ಕಣೋ. ಸುಮ್ನೆ ತಿನ್ನು."

ಮನೆಗೆ ಬಂದವಳು ಕಣ್ಣೊರೆಸಿಕೊಂಡು ನೇರ ಹುಳುಮನೆಗೆ ಹೊರಟಳು. ಬೆಳಗಿನ ಮೇವು ತಪ್ಪಿತ್ತು. ಬಾಗಿಲಲ್ಲಿ ದಿವ್ಯ ಅಡ್ಡ ನಿಂತಳು.

"ಅತ್ತೆ, ಕೈ ತೋರಿಸಿ."

"ಏನ್ ಕೈ?"

ದಿವ್ಯ ಅತ್ತೆಯ ಎರಡೂ ಕೈ ಹಿಡಿದು ಮೂಸಿದಳು. ತಲೆ ಹಿಂದಕ್ಕೆ ಎಳೆದುಕೊಂಡಳು. "ಅದಕ್ಕೇ ನಿಮ್ಮ ಕಡೆ ಅಟ್ಟಣಿಗೆ ಹುಳ ಮೇವು ಮುಟ್ತಿಲ್ಲ. ತಿಂಗಳಿಂದ ಬೆಳ್ಳುಳ್ಳಿ ಸುಲಿದ ಕೈ. ಸೊಪ್ಪಿಗೆಲ್ಲ ಒಗ್ಗರಣೆ ಹಾಕಿದಂಗಾಗದೆ. ನಿಮ್ಮ ಮಗನ್ನ ಒಳಗೆ ಬರಬೇಡ ಅಂತ ಓಡಿಸ್ತಿದ್ರಲ್ಲ, ನೀವು?"

"ನಾನು ತಿಂದಿಲ್ವಲ್ಲ!"

"ಹುಳ ಮೂಸೋದು ಸೊಪ್ಪನ್ನ ಅತ್ತೆ. ನಿಮ್ಮ ಬಾಯನ್ನಲ್ಲ."

ವೆಂಕಟರತ್ನಮ್ಮ ಪುಡಿ ತಟ್ಟೆಯ ಈಚೆಗೆ ನಿಂತಳು. ಗಂಡ ಇದ್ದಿದ್ದರೆ ಹಜಾರದಲ್ಲಿ ಮಲಗಿಸುತ್ತಿದ್ದ. ಸೊಸೆ ಅಷ್ಟು ಕ್ರೂರಿಯಲ್ಲ. "ಕೈ ವಾಸನೆ ಹೋಗೋವರೆಗೂ ನೀವು ಬಾಗಿಲಲ್ಲೇ ಇರಿ. ಚಪ್ಪಲಿ ತೊಳ್ಕೊಡಿ" ಎಂದಳು. ಆ ಮನೆಯ ಯಜಮಾನಿ, ಬೆಳ್ಳುಳ್ಳಿ ವೈದ್ಯೆ, ಹುಳುಮನೆಯ ಒಡತಿ, ಮೂಗು ಮುಚ್ಚಿಕೊಂಡ ಸೊಸೆಯ ಅಪ್ಪಣೆಯಂತೆ ಚಪ್ಪಲಿ ಕಾಯುವ ಕೆಲಸಕ್ಕೆ ಸೇರಿದಳು. ದೊಡ್ಡವೆಂಕಟಪ್ಪ ದೂರದಿಂದ ನೋಡಿ, ನಗಬೇಕೋ ಬೇಡವೋ ತಿಳಿಯದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕೈಯ ವಾಸನೆ ಹೋಯಿತು. ಬಲಗಡೆಯ ಹುಳುಗಳೂ ಈ ಕಡೆ ತಿರುಗಿ ತಿಂದವು, ಮೈ ಮಾಗಿ ಹಣ್ಣಾದವು, ಗೂಡು ಕಟ್ಟಿದವು. ಕದಿರೇಶನ ಟೆಂಪೋ ಬಂದು ಹೋಯಿತು. ಮತ್ತೆ ಹೊಸ ಹುಳು ಬಂದವು. ಅನಿಲ ಇಡ್ಲಿ ತಿಂದು ಬಸ್ಸು ಹತ್ತುತ್ತಾನೆ. ಪಕ್ಕದಲ್ಲಿ ಜನ ಕೂರುತ್ತಾರೆ. ದಿವ್ಯ "ಬನ್ನಿ ಅತ್ತೆ ಒಳಗೆ" ಎಂದು ಕರೆದದ್ದೂ ಆಯಿತು. ವೆಂಕಟರತ್ನಮ್ಮ ಹೋಗುತ್ತಾಳೆ, ಬೈಯದೆ ಮೇವು ಹಾಕುತ್ತಾಳೆ. ಬಾಗಿಲ ಕೆಲಸವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಬೆಳಿಗ್ಗೆ ಬಸ್ಸಿನ ಸದ್ದು ಕ್ರಾಸು ದಾಟಿದ ಮೇಲೆ ಬ್ಲೀಚಿಂಗ್ ನೀರಿನ ಬಕೆಟ್ ತಂದು ಬಾಗಿಲಲ್ಲಿ ಕೂರುತ್ತಾಳೆ. ಒಳಗಿನ ಚಪ್ಪಲಿಗಳನ್ನು ಒಂದೊಂದಾಗಿ ಉಜ್ಜಿ ತೊಳೆಯುತ್ತಾಳೆ. ದಿವ್ಯಳದು, ತನ್ನದು, ಭಾನುವಾರ ಹುಳುಮನೆಗೆ ಬರುವ ಅನಿಲನದು. ಆಮೇಲೆ ಕೋದಂಡರಾಮಪ್ಪನದು. ಅದನ್ನು ಯಾರೂ ಮೆಟ್ಟುವುದಿಲ್ಲ. ಆದರೂ ತೇವ ಒರೆಸಿ, ಬಾಗಿಲ ಪಕ್ಕದಲ್ಲಿ ಅವನು ಬಿಡುತ್ತಿದ್ದ ಜಾಗದಲ್ಲೇ ಇಡುತ್ತಾಳೆ. ಒಂದನ್ನು ನೆಟ್ಟಗೆ ಇಡುತ್ತಾಳೆ. ಇನ್ನೊಂದನ್ನು ಬೋರಲು ಹಾಕುತ್ತಾಳೆ.

ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾಳೆ. ಜಗಳ ಬರುವುದಿಲ್ಲ.

ಬಗ್ಗಿ, ಅದನ್ನೂ ನೆಟ್ಟಗೆ ಮಾಡಿ, ಪುಡಿ ತುಳಿದು ಒಳಗೆ ಹೋಗುತ್ತಾಳೆ.